ಬಿಳಿ ಬಟ್ಟೆ ನೀಲಿಯಾದದ್ದು

ಸ್ಟೀಲ್ ತಟ್ಟೆ ಕೈಜಾರಿ ಠಣ್ ಎಂದು ಬಿತ್ತು. ಪಕ್ಕದ ಮನೆಯ ನಾಯಿ ಬೊಗಳಿತು. ತೊಟ್ಟಿಲಲ್ಲಿ ಎಚ್ಚರವಾಗಿದ್ದ ಮಗು ಮಾತ್ರ ಕಣ್ಣು ಪಿಳುಕಿಸಲಿಲ್ಲ. ತಾಯಿ ತಟ್ಟೆ ಎತ್ತಿ ಇನ್ನೊಮ್ಮೆ ಬೀಳಿಸಿದಳು — ಬೇಕೆಂದೇ. ಮಗು ತನ್ನ ಪಾಡಿಗೆ ತಾನು ಫ್ಯಾನು ನೋಡುತ್ತಿತ್ತು.

ಹುಟ್ಟಿದ ವಾರದಲ್ಲೇ ಕಾಮಾಲೆ ವಿಪರೀತವಾಗಿ ಕಿವಿ ಹೋಗಿದೆ ಎಂದರು ಪರೀಕ್ಷಿಸಿದವರು. ಆಗಲೇ ಗೊತ್ತಾಗಿದ್ದರೆ ಉಳಿಯುತ್ತಿತ್ತಂತೆ. ಹಾಗಾದರೆ ತಪ್ಪು ಯಾರದು?

ಎಲ್ಲರೂ ಬೆರಳು ಮಾಡಿದ್ದು ವಾರ್ಡಿನ ನರ್ಸ್ ಕಡೆಗೆ. ಅಂದು ವಾರ್ಡಿನ ಕ್ಯಾಮೆರಾದಲ್ಲಿ ಮಗುವಿನ ಫೋಟೋ ತೆಗೆದು, ಪರವೂರಿನಲ್ಲಿದ್ದ ಡಾಕ್ಟರಿಗೆ ಕಳಿಸಿದವರು ಅವರು. ಫೋಟೋದಲ್ಲಿ ಮಗು ಕೆಂಪು ಕೆಂಪಾಗಿತ್ತು. ಡಾಕ್ಟರು ಮನೆಗೆ ಕಳಿಸಿ ಎಂದರು. ಈಗ ನರ್ಸ್ ಕೆಲಸಕ್ಕೆ ಕುತ್ತು ಬಂದಿತ್ತು.

ವಿಚಾರಣೆಯ ಕೋಣೆಯಲ್ಲಿ ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಗಂಡ. ಕೈಗೆ ಸಿಕ್ಕ ಯಂತ್ರದ ಗುಂಡಿಗಳನ್ನೆಲ್ಲ ತಿರುಗಿಸಿ ನೋಡುವ ಆಸಾಮಿ, ಇಂದು ಕೈಕಟ್ಟಿ ಕೂತಿದ್ದ.

ತನಿಖೆಗೆ ಬಂದಿದ್ದ ಮೇಡಂ ಕೇಳಿದರು: "ಸಿಸ್ಟರ್, ಬೇರೆ ಮಗುವಿನ ಫೋಟೋ ಕಳಿಸಿದ್ರಾ?"

"ಇಲ್ಲ ಮೇಡಂ, ಇದೇ ಮಗುದು. ನನ್ನ ಕಣ್ಣಿಗೆ ಹಳದಿ ಕಾಣಿಸ್ತು, ಅದಕ್ಕೇ ತೆಗೆದು ಕಳಿಸ್ದೆ."

"ಫೋಟೋದಲ್ಲಿ ಹಳದಿ ಎಲ್ಲಿ?"

"ಅದೇ ಗೊತ್ತಾಗ್ತಿಲ್ಲ. ಕೊನೆಗೆ ನಾನೂ ಫೋಟೋನೇ ನಂಬಿದೆ."

ಈ ಹೆಂಗಸನ್ನು ಬಾಯಿಗೆ ಬಂದಂತೆ ಬೈಯಬೇಕೆಂದು ತಾಯಿ ಮನೆಯಿಂದಲೇ ಮಾತು ಕೂಡಿಸಿಕೊಂಡು ಬಂದಿದ್ದಳು. ಈಗ ಒಂದೂ ಬರಲಿಲ್ಲ. ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಮರಗಟ್ಟಿದ ಕಾಲಿನಂತೆ ಒಳಗೆಲ್ಲ ಜೋಮು.

ಮೇಡಂ ಎರಡು ಫೋಟೋ ಮೇಜಿನ ಮೇಲಿಟ್ಟರು. "ಇದು ಬೇರೆ ಮಗು, ಇದು ನಿಮ್ದು. ಎಲ್ರೂ ಮುಖ ನೋಡಿದ್ರಿ. ಕೆಳಗೆ ಹಾಸಿರೋ ಬಟ್ಟೆ ನೋಡಿ."

ಮೊದಲನೆಯದರಲ್ಲಿ ಬಟ್ಟೆ ಅಚ್ಚ ಬಿಳಿ. ಎರಡನೆಯದರ ಅಂಚಿನಲ್ಲಿ ಇಣುಕುತ್ತಿದ್ದ ಬಟ್ಟೆ — ತಿಳಿ ನೀಲಿ!

"ಅದೇ ಬಟ್ಟೆ, ಅದೇ ಟ್ಯೂಬ್‌ಲೈಟು. ನೀಲಿ ಯಾಕಾಯ್ತು? ಈ ಕ್ಯಾಮೆರಾದ ಬಣ್ಣಾನ ಆ ಲೈಟಿಗೆ ಹೊಂದಿಸಿ ಮ್ಯಾನ್ಯುಯಲ್‌ನಲ್ಲಿ ಇಟ್ಟಿದ್ರು. ಹಳದಿ ಹಳದಿಯಾಗೇ ಬರ್ಲಿ ಅಂತ. ಯಾರೋ ಅದನ್ನ ಆಟೋಗೆ ಹಾಕಿದ್ದಾರೆ, ಬಣ್ಣ ತಾನೇ ಹೊಂದಿಸ್ಕೊಳ್ಳೋ ಹಾಗೆ. ಫೋಟೋದ ತುಂಬ ಹಳದಿ ಮಗುನೇ ಇದ್ರೆ ಆಟೋ ಏನು ಮಾಡುತ್ತೆ? ಬೆಳಕೇ ಹಳದಿ ಅಂದ್ಕೊಂಡು, ಹಳದಿ ಕಮ್ಮಿ ಮಾಡುತ್ತೆ. ಮಗು ಕೆಂಪಗಾಯ್ತು. ಬಟ್ಟೆ ನೀಲಿಯಾಯ್ತು."

"ಹಾಕಿದ್ದು ಯಾರು?" ಎಂದರು ನರ್ಸ್.

ಮೇಡಂ ಇನ್ನೆರಡು ಫೋಟೋ ತೆಗೆದರು. ಹಾಸಿಗೆಯ ಮೇಲೆ ತಾಯಿ, ತೋಳಲ್ಲಿ ಮಗು, ಪಕ್ಕದಲ್ಲಿ ಉರಿಯುವ ಬಲ್ಬು. ಒಂದು ಆ ಬೆಳಕಿಗೆ ಹಳದಿ ಹಳದಿ. ಇನ್ನೊಂದು ಚೆಂದ — ಮನೆಯಲ್ಲಿ ಕಟ್ಟುಹಾಕಿಸಿ ತೂಗುಹಾಕಿದ್ದು ಅದನ್ನೇ.

"ಕ್ಯಾಮೆರಾದಲ್ಲಿ ಮಗುವಿನ ಫೋಟೋಗಿಂತ ಮುಂಚೆ ಇದ್ದಿದ್ದು ಇವು. ಈ ಎರಡರ ಮಧ್ಯೆ ಸೆಟ್ಟಿಂಗ್ ಬದಲಾಗಿದೆ. ತೆಗೆದಿದ್ದು ಯಾರು?"

ಗಂಡ ಕಟ್ಟಿದ್ದ ಕೈ ಬಿಚ್ಚಿದ. "ನಾನು. ಒಂದೇ ಒಂದು ಫೋಟೋ ಅಂತ ಸಿಸ್ಟರ್ ಹತ್ರ ಇಸ್ಕೊಂಡೆ. ಮತ್ತೆ ಮುಂಚಿನ ಹಾಗೆ ಇಡೋದು ಮರ್ತೆ."

"ಬದಲಾಯಿಸೋಕೆ ಯಾರಾದ್ರೂ ಹೇಳಿದ್ರಾ?"

"ಯಾರೂ ಇಲ್ಲ. ನನಗೇ ಅನ್ನಿಸ್ತು." ಅವನು ಹೆಂಡತಿಯ ಕಡೆ ನೋಡಲಿಲ್ಲ.

ಅವಳಿಗೆ ಎಲ್ಲ ನೆನಪಿತ್ತು. ಮೊದಲ ಫೋಟೋ ನೋಡಿ ಮುಖ ಸಿಂಡರಿಸಿದ್ದು, ನಕ್ಕಿದ್ದು, ಆಡಿದ ಮಾತು: "ರೀ, ಇಬ್ರೂ ಎಷ್ಟು ಹಳದಿ ಕಾಣ್ತಿದೀವಿ! ಸರಿಮಾಡ್ರೀ."

"ನಾನು ಹೇಳಿದ್ದು," ಎಂದಳು.

"ಸುಮ್ನಿರೇ," ಎಂದ ಗಂಡ, ಮೆಲ್ಲಗೆ.

"ನಾನೇ ಹೇಳಿದ್ದು!"

ಈಚೆಗೆ ಏನು ಹೇಳಿದರೂ ಗಟ್ಟಿಯಾಗಿ ಹೇಳುವುದು ಅವಳಿಗೆ ಅಭ್ಯಾಸವಾಗಿತ್ತು. ನರ್ಸ್ ಬೆಚ್ಚಿಬಿದ್ದರು. ಮಡಿಲಲ್ಲಿದ್ದ ಮಗು ಬೆಚ್ಚಲಿಲ್ಲ.