ಸೇತುವೆಯ ಸೂರಿನಡಿ ಒಂದು ಕೆಮ್ಮು

ಆಲಿಕಲ್ಲು ಬೀಳತೊಡಗಿದ್ದೇ ತಡ, ಸೌಜನ್ಯಾ ಸೈಕಲ್ಲನ್ನು ಮರದ ಸೇತುವೆಯೊಳಗೆ ನುಗ್ಗಿಸಿದಳು.

ಹಳೇ ಕಾಲದ ಸೇತುವೆ. ಮೇಲೆ ಸೂರು, ಇಕ್ಕೆಲದಲ್ಲಿ ಹಲಗೆಯ ಗೋಡೆ, ಕೆಳಗೆ ಕಪ್ಪು ಕಾಲುವೆ. ಇದನ್ನು ನೋಡಲೆಂದೇ ಡಚ್ ನಾಡಿನ ಕನ್ನಡ ಬಳಗದವರು ಸೈಕಲ್ ಸವಾರಿ ಹೊರಟಿದ್ದರು. ಉಳಿದವರೆಲ್ಲ ಹಿಂದಿನ ಹಳ್ಳಿಯಲ್ಲಿ ಪ್ಯಾನ್‌ಕೇಕ್ ತಿನ್ನಲು ಕೂತಿದ್ದರು. ಅವಳಿಗೆ ಹಸಿವಿರಲಿಲ್ಲ.

ಒಳಗಿನ ಮಬ್ಬಿನಲ್ಲಿ ಯಾರೋ ಕೆಮ್ಮಿದರು.

ಅವಳ ಬೆರಳು ಬ್ರೇಕಿನ ಮೇಲೆ ಮರಗಟ್ಟಿತು. ಎರಡು ತುಂಡಾಗಿ ಬರುವ ಒಣ ಕೆಮ್ಮು. ಅಪ್ಪನದ್ದು... ಹೋದ ವರ್ಷ ಧಾರವಾಡದಲ್ಲಿ ಮಣ್ಣು ಸೇರಿದ ಅಪ್ಪನದ್ದು.

ಹಲಗೆಗೆ ಒರಗಿ ನಿಂತಿದ್ದವನು ಸುಶಾಂತ್, ಅವಳ ಹಳೆಯ ಗೆಳೆಯ.

"ಇಲ್ಲೂ ಶುರು ಮಾಡಿದ್ಯಾ?" ಎಂದಳು.

"ಎಂಥದ್ದು?"

"ನಿನ್ನ ನಾಟಕ."

"ನನಗೆ ಶೀತ ಮಾರಾಯ್ತಿ. ಕೆಮ್ಮಲಿಕ್ಕೂ ನಿನ್ನ ಪರ್ಮಿಷನ್ ಬೇಕಾ?" ಎಂದವನು ಮತ್ತೆ ಕೆಮ್ಮಿದ. ಕಣ್ಣಲ್ಲಿ ನೀರು ಬರುವಷ್ಟು.

ನಿಜವಾದ ಕೆಮ್ಮು.

'ಮತ್ತೆ ಅದೇ ತಪ್ಪು, ಸೌಜನ್ಯಾ... ಮತ್ತೆ ಅದೇ.'

ಉಡುಪಿಯ ಸುಶಾಂತ್ ರೈಸ್‌ವೈಕ್‌ನಲ್ಲಿ ಎಂಜಿನಿಯರ್. ರೈಲಿನ ಡಚ್ ಅನೌನ್ಸ್‌ಮೆಂಟಿನಿಂದ ಹಿಡಿದು ಬಳಗದ ಅಧ್ಯಕ್ಷರ ಭಾಷಣದವರೆಗೆ ಅವನ ಗಂಟಲಿಗೆ ಎಟುಕದ ಧ್ವನಿಯಿರಲಿಲ್ಲ. ಅವಳ ಅಪ್ಪ ಬಸವಂತಪ್ಪನವರನ್ನಂತೂ ವೀಡಿಯೋ ಕಾಲಿನಲ್ಲಿ ಅವರೆದುರೇ ಅನುಕರಿಸಿದ್ದ. "ತಮ್ಮಾ, ನನಗಿಂತ ನೀನ ಛಲೋ ಕೆಮ್ಮತಿ ನೋಡು" ಎಂದು ಅವರೇ ನಕ್ಕಿದ್ದರು. ಆಮೇಲೆ ಆಫೀಸಿನ ಯಾವುದೋ ನಂಬರಿನಿಂದ ಫೋನ್ ಮಾಡಿ ಅವರದೇ ಧ್ವನಿಯಲ್ಲಿ "ಉಂಡೀ ಏನವ್ವಾ?" ಎಂದು ಇವಳನ್ನು ಏಮಾರಿಸುವುದೇ ಅವನ ಪ್ರೀತಿಯ ನಿತ್ಯಪೂಜೆಯಾಯಿತು.

ಹೋದ ವರ್ಷ ಒಂದು ದಿನ ಅವಳು ಅವನನ್ನು ಬ್ಲಾಕ್ ಮಾಡಿದಳು. ಕಾರಣ ಹೇಳಲಿಲ್ಲ.

"ನಿನ್ನ ಗೆಳತಿ ಗಾನವಿ ಕರೆದಳು ಅಂತ ಸೀದಾ ಇಲ್ಲಿಗೇ ಬಂದೆ," ಎಂದ ಅವನು. "ನೀನು ಬರ್ತಿ ಅಂತ ಹೇಳಿದ್ದಳು, ಸುಳ್ಳು ಯಾಕೆ ಹೇಳ್ಲಿ. ಜಾತಿ ಬೇರೆ ಅಂತ ನಿಮ್ಮ ಮನೆಯಲ್ಲಿ ಬೇಡ ಅಂದ್ರಾ? ಅಷ್ಟಾದ್ರೂ ಹೇಳು. ಅಪ್ಪ ಹೋದದ್ದೂ ನನಗೆ ಅವಳಿಂದಲೇ ಗೊತ್ತಾದ್ದು."

ಸೂರಿನ ಮೇಲೆ ಆಲಿಕಲ್ಲು ಹಲ್ಲು ಕಡಿಯುತ್ತಿತ್ತು.

"ಆಸ್ಪತ್ರೆಯಿಂದ ಅಪ್ಪ ಫೋನ್ ಮಾಡಿದ್ರು," ಎಂದಳು ನೆಲ ನೋಡುತ್ತ. "ನರ್ಸ್ ಫೋನಿಂದ. ಮೀಟಿಂಗಿಗೆ ಓಡ್ತಿದ್ದೆ, ನಂಬರ್ ನೋಡ್ಲಿಲ್ಲ. 'ಉಂಡೀ ಏನವ್ವಾ' ಅಂದ್ರು. ಕೆಮ್ಮಿದ್ರು. ನಾನು... ನೀನು ಅಂದ್ಕೊಂಡೆ."

ಸುಶಾಂತ್ ತಲೆಯೆತ್ತಿ ಅವಳನ್ನು ನೋಡಿದ.

"'ಕೆಮ್ಮು ಸರಿ ಬಂದಿಲ್ಲ, ಇನ್ನೂ ಪ್ರ್ಯಾಕ್ಟೀಸ್ ಮಾಡು' ಅಂತ ನಕ್ಕು ಕಟ್ ಮಾಡ್ದೆ. ಸಂಜೆಗೆ ಹೋಗಿಬಿಟ್ರು."

ಅವನು ಹಲಗೆಗುಂಟ ಜಾರಿ ಕುಳಿತ. ಎಲ್ಲರ ಧ್ವನಿ ಬಲ್ಲವನಿಗೆ ತನ್ನದೇ ಸಿಗುತ್ತಿರಲಿಲ್ಲ.

"ನನಗೆ ಹೇಳಬೇಕಿತ್ತು."

"ಹೇಳಿದ್ರೆ ನೀನೂ ನನ್ನ ಹಾಗೇ ಇದನ್ನ ಹೊತ್ತು ಬದುಕಬೇಕಾಗ್ತಿತ್ತು. ಒಬ್ಬರು ಸಾಕು ಅನ್ನಿಸ್ತು."

"ನಿನ್ನನ್ನು ಒಬ್ಬಳೇ ಇದರೊಳಗೆ ಬಿಟ್ಟು ನಾನು ಚೆಂದ ಇರ್ಲಿಕ್ಕುಂಟಾ ಸೌಜಿ? ಅಷ್ಟೇನಾ ನನ್ನ ಪ್ರೀತಿ?"

ಅವಳು ಪಕ್ಕದಲ್ಲಿ ಕುಸಿದಳು. "ಒಂದೇ ಸಲ ಅಪ್ಪನ ಹಾಗೆ 'ಉಂಡೀ ಏನವ್ವಾ' ಅಂತ ಕೇಳು. ಈ ಸಲ ಕಟ್ ಮಾಡಲ್ಲ..."

ಅವನು ಬಾಯಿ ತೆರೆದ. ಆ ಧ್ವನಿ ಗಂಟಲವರೆಗೆ ಬಂದಿರಬೇಕು. ನುಂಗಿಕೊಂಡ.

"ಬೇಡ. ನಿಜವಾಗಿ ಕೇಳಿದ್ದು ಅವರು. ಅದು ಅವರದ್ದೇ ಇರ್ಲಿ."

ಆಮೇಲೆ ಶೀತಕ್ಕೆ ಒಡೆದುಹೋದ ತನ್ನದೇ ಧ್ವನಿಯಲ್ಲಿ ಕೇಳಿದ. "ಊಟ ಆಯ್ತಾ?"

ಅಪ್ಪನಿಗೆ ದಿನವೂ ಹೇಳುತ್ತಿದ್ದ 'ಆತಪ್ಪಾ' ಎಂಬ ಸುಳ್ಳು ನಾಲಿಗೆಯ ತುದಿಗೆ ಬಂತು.

"ಇಲ್ಲ," ಎಂದಳು. "ಸರಿಯಾಗಿ ಉಂಡು ಭಾಳ ದಿನ ಆತು."

ಅವನು ಚೀಲದಿಂದ ಅವಲಕ್ಕಿಯ ಡಬ್ಬಿ ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಒಂದು ಹಿಡಿ ಬಾಯಿಗಿಟ್ಟುಕೊಂಡಳು. ಅಳುತ್ತಲೇ ಅಗಿದಳು.

"ನಾಳೆನೂ ಕೇಳ್ತೀಯಾ?"

"ದಿನಾ ಕೇಳ್ತೇನೆ. ನನ್ನ ನಂಬರಿನಿಂದಲೇ." ಅವನು ಮೂಗೊರೆಸಿಕೊಂಡ. "ನೀನು ಮೊದ್ಲು ಅನ್‌ಬ್ಲಾಕ್ ಮಾಡು."