ಒಂಬತ್ತು ಹೆಬ್ಬೆಟ್ಟು

ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಮಹಿಳಾ ರಕ್ಷಣಾ ಗೃಹದ ಮೇಲ್ವಿಚಾರಕಿಯಿಂದ ಠಾಣೆಗೆ ಫೋನ್ ಬಂತು: ನಿವಾಸಿಯೊಬ್ಬಳು ಗೋಡೆ ಹಾರಿ ಓಡಿಹೋಗಿದ್ದಾಳೆ, ಸಂಜೆ ಆರರ ಹಾಜರಿಯೊಳಗೆ ಹಿಡಿದು ತಂದು ಬಿಡಬೇಕು. ಠಾಣಾ ಬರಹಗಾರ ಅದನ್ನು ದಾಖಲಿಸಿ ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಓಡಿಹೋದವಳೇ ಬರಿಗಾಲಲ್ಲಿ ಬಂದು ಎದುರು ನಿಂತಳು. ಹುಡುಕುವ ತಾಪತ್ರಯ ತಪ್ಪಿತೆಂದು ಬರಹಗಾರನಿಗೆ ಖುಷಿಯೋ ಖುಷಿ.

"ನಡಿ, ಜೀಪ್ ಹತ್ತು. ವಾಪಸ್ ಬಿಟ್ಟುಬರ್ತೀವಿ."

"ಹತ್ತಲ್ಲ. ಮೊದ್ಲು ನನ್ನ ದೂರು ತಗೊಳ್ಳಿ."

"ಓಡಿಬಂದೋಳಿಗೆ ದೂರು ಬೇರೆ ಕೇಡು!"

ಗಲಾಟೆ ಕೇಳಿ ಇನ್ಸ್‌ಪೆಕ್ಟರ್ ಹೊರಬಂದರು. ಕಡ್ಡಿ ಮುರಿದಂತೆ ಮಾತಾಡುವ ಅವರನ್ನು ಠಾಣೆಯವರೆಲ್ಲ ಬೆನ್ನ ಹಿಂದೆ ಕಡ್ಡಿ ಸಾಹೇಬ ಎನ್ನುತ್ತಿದ್ದರು. ಓಡಿಬಂದವರನ್ನು ಕಂಡರೆ ಅವರಿಗೂ ಆಗುತ್ತಿರಲಿಲ್ಲ. ಆದರೂ ಒಂದು ಹಾಳೆ ಕೊಟ್ಟರು. ಆಕೆ ಬೆಂಚಿನ ಮೇಲೆ ಕೂತು, ಗುಂಡಗಿನ ಅಕ್ಷರದಲ್ಲಿ ಎಲ್ಲೂ ಹೊಡೆದುಹಾಕದೆ ಒಂದೂವರೆ ಪುಟ ಬರೆದಳು. ಎರಡು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದಾಗ ಬಸ್ ನಿಲ್ದಾಣದಲ್ಲಿ ಪೊಲೀಸರು ಹಿಡಿದಿದ್ದರು. ಕೈಯಲ್ಲಿ ಯಾವ ಕಾಗದವೂ ಇರದ ಕಾರಣ ನ್ಯಾಯಾಲಯ ಅವಳನ್ನು ಗೃಹಕ್ಕೆ ಕಳಿಸಿತ್ತು. ಹೋದ ವಾರ ಕಚೇರಿಯ ಕಪಾಟು ಒರೆಸುವಾಗ ಅವಳದೇ ಬಿಡುಗಡೆ ಆದೇಶ ಕಣ್ಣಿಗೆ ಬಿತ್ತು. ಆ ಆದೇಶ ಬಂದು ಹದಿನಾಲ್ಕು ತಿಂಗಳಾಗಿತ್ತು.

"ರೂಲ್ಸ್ ಪ್ರಕಾರ ಮೊದ್ಲು ವಾಪಸ್ ಬಿಡ್ಬೇಕು ಸಾರ್," ಬರಹಗಾರ ರಾಗ ಎಳೆದ.

"ರೂಲ್ಸ್ ನಂಗೂ ಗೊತ್ತು. ಆರು ಗಂಟೆವರೆಗೂ ಟೈಮಿದೆ."

"ಆರಕ್ಕೆ ಬಿಟ್ರೆ ಆಮೇಲೆ ಆಚೆ ಬರೋದು ನನ್ನ ಹೆಣವೇ," ಎಂದಳು ಆಕೆ.

ಹನ್ನೊಂದೂವರೆಗೆ ನ್ಯಾಯಾಲಯದ ದಾಖಲೆ ವಿಭಾಗದಲ್ಲಿ ವಿಚಾರಿಸಿದಾಗ ಆದೇಶ ಹೋದದ್ದು ನಿಜವೆಂದು ಗೊತ್ತಾಯಿತು. ಮೇಲ್ವಿಚಾರಕಿಯ ಸ್ವೀಕೃತಿ ಸಹಿಯೂ ಇತ್ತು. ಅಕ್ರಮ ಬಂಧನದ ಎಫ್‌ಐಆರ್ ದಾಖಲಾಯಿತು. ಒಂದೂಕಾಲಿಗೆ ಸಾಹೇಬರು ಮಹಿಳಾ ಪೇದೆಯ ಜೊತೆ, ಎದುರು ಬೀದಿಯ ದರ್ಜಿ ಮತ್ತು ಬೀಗದವನನ್ನು ಪಂಚ ಸಾಕ್ಷಿಗಳಾಗಿ ಕರೆದುಕೊಂಡು ಗೃಹಕ್ಕೆ ಹೋದರು. ಉದ್ದನೆಯ ಕೋಣೆ, ಮೂವತ್ತು ಕಬ್ಬಿಣದ ಮಂಚ, ಕೈಗೆ ಎಟುಕದ ಕಿಟಕಿ. ಮೇಲ್ವಿಚಾರಕಿ ಯಾರಿಗೂ ಕೂರಲು ಹೇಳಲಿಲ್ಲ.

"ಆರ್ಡರ್ ಬಂತಾ?"

"ಬಂತು."

"ಯಾಕೆ ಬಿಡ್ಲಿಲ್ಲ?"

"ಅವಳೇ ಹೋಗಲ್ಲ ಅಂದ್ಲು. ಹೆಬ್ಬೆಟ್ಟು ಒತ್ತಿದಾಳೆ ನೋಡಿ." ಮೇಲ್ವಿಚಾರಕಿ ರಿಜಿಸ್ಟರ್ ತೆರೆದು ತೋರಿಸಿದಳು.

"ಹೆಬ್ಬೆಟ್ಟು ಯಾಕೆ?"

"ಅವಳಿಗೆಲ್ಲಿ ಅಕ್ಷರ ಬರುತ್ತೆ?"

ಸಾಹೇಬರು ಆ ಒಂದೂವರೆ ಪುಟವನ್ನು ರಿಜಿಸ್ಟರಿನ ಪಕ್ಕದಲ್ಲಿಟ್ಟರು. ಮೇಲ್ವಿಚಾರಕಿಯ ಮುಖ ಪೆಚ್ಚಾಯಿತು.

ರಿಜಿಸ್ಟರಿನಲ್ಲಿ 'ಹೋಗಲು ಒಪ್ಪಿಲ್ಲ' ಎಂಬ ಇಂಥ ಒಂಬತ್ತು ನಮೂದುಗಳಿದ್ದವು. ಉಳಿದ ಎಂಟು ಮಂದಿಯನ್ನು ಪೇದೆ ಒಬ್ಬೊಬ್ಬರಾಗಿ ಕರೆದಳು. "ಬಿಡುಗಡೆನಾ? ನಂಗಾ?" ಎಂದು ಒಬ್ಬ ಅಜ್ಜಿ ತಮಾಷೆಯೆಂದುಕೊಂಡು ನಕ್ಕಳು. ಇನ್ನೊಬ್ಬಳು ಸಾಹೇಬರ ಮೇಲೆಯೇ ಹರಿಹಾಯ್ದಳು: "ಮೂರು ತಿಂಗಳಿಗೊಂದ್ಸಲ ಬಂದು, ಟೀ ಕುಡ್ದು, ಸಹಿ ಗೀಚಿ ಹೋಗ್ತಿದ್ರಲ್ಲ, ಆಗ ಕಣ್ಣು ಎಲ್ಲಿಟ್ಟಿದ್ರಿ?" ರಿಜಿಸ್ಟರಿನ ತಪಾಸಣೆ ಪುಟಗಳಲ್ಲಿ ಕಡ್ಡಿ ಸಾಹೇಬರ ಸಹಿಯೂ ಇತ್ತು. ಅವರಿಗೆ ನಾಚಿಕೆಯಾಯಿತು. ಪಂಚನಾಮೆಯಲ್ಲಿ ಅದನ್ನೂ ಸೇರಿಸಿದರು.

ರಿಜಿಸ್ಟರ್ ಜಪ್ತಿಯಾಯಿತು. ಒಂಬತ್ತು ಹೆಂಗಸರ ಹಾಗೂ ಮೇಲ್ವಿಚಾರಕಿಯ ಬೆರಳಚ್ಚು ಪಡೆದು ತಜ್ಞರಿಗೆ ಕಳಿಸಲಾಯಿತು. ಐದು ಹತ್ತಕ್ಕೆ ತಜ್ಞರ ಫೋನ್ ಬಂತು. ಒಂಬತ್ತು ಗುರುತುಗಳೂ ಒಂದೇ ಹೆಬ್ಬೆಟ್ಟಿನವು, ಮೇಲ್ವಿಚಾರಕಿಯ ಬಲಗೈಯದು.

ಐದು ನಲವತ್ತಕ್ಕೆ ಸಾಹೇಬರು ಪೇದೆಯನ್ನೂ ದೂರುದಾರಳನ್ನೂ ಕರೆದುಕೊಂಡು ಗೃಹಕ್ಕೆ ಬಂದಾಗ ಹೆಂಗಸರು ಹಾಜರಿಗೆ ಸಾಲು ನಿಂತಿದ್ದರು.

"ಯಾಕೆ ಮಾಡಿದ್ರಿ?" ಸಾಹೇಬರು ಮೇಲ್ವಿಚಾರಕಿಯನ್ನು ಕೇಳಿದರು.

"ಇಪ್ಪತ್ತೈದು ಜನಕ್ಕಿಂತ ಕಮ್ಮಿ ಆದ್ರೆ ಗೃಹ ಮುಚ್ತಾರೆ ಸಾರ್."

"ಮುಚ್ಚಲಿ. ನಿಮ್ಮನ್ನ ಬೇರೆ ಕಡೆ ಹಾಕ್ತಾರೆ."

"ಐದು ವರ್ಷದೋಳಿದ್ದಾಗ ಅಮ್ಮನ ಜೊತೆ ಬಂದೆ. ಅಮ್ಮ ಇಲ್ಲೇ ಸತ್ಲು. ಕೆಲ್ಸಾನೂ ಇಲ್ಲೇ ಸಿಕ್ತು. ನಲವತ್ತೆಂಟು ವರ್ಷದಲ್ಲಿ ಒಂದಿನಾನೂ ಈ ಗೇಟಿನಾಚೆ ಮಲಗಿದೋಳಲ್ಲ ನಾನು."

"ನಿಂಗೊಂದು ಮನೆ ಇರ್ಲಿ ಅಂತ ನಮಗೆ ಜೈಲಾ?" ದೂರುದಾರಳು ಹಲ್ಲು ಕಡಿದಳು.

ಪೇದೆ ಮೇಲ್ವಿಚಾರಕಿಯ ಬಂಧನ ಪತ್ರ ತುಂಬತೊಡಗಿದಳು.

"ಅರೆಸ್ಟ್ ವಿಷಯ ಯಾರಿಗೆ ತಿಳಿಸ್ಬೇಕು? ಸಂಬಂಧಿಕರ ಹೆಸ್ರು ಹೇಳಿ."

"ಯಾರೂ ಇಲ್ಲ."

"ಖಾಲಿ ಬಿಡೋ ಹಾಗಿಲ್ಲ. ಅದು ನಿಮ್ಮ ಹಕ್ಕು."

ಮೇಲ್ವಿಚಾರಕಿ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಇವರಲ್ಲಿ ಯಾರಾದ್ರೂ ಒಬ್ರದ್ದು ಬರ್ಕೊಳ್ಳಿ," ಎಂದಳು.

ಸಾಲಿನಲ್ಲಿದ್ದ ಒಬ್ಬಳೂ ಮುಂದೆ ಬರಲಿಲ್ಲ. ಸಾಹೇಬರು ಉಚಿತ ಕಾನೂನು ನೆರವಿನ ವಕೀಲರ ಹೆಸರು ಬರೆಸಿ, ಮೇಲ್ವಿಚಾರಕಿಯ ಸಹಿ ಪಡೆದರು.