ಜೇನುಬಣ್ಣದ ಕಡ್ಡಿ

ಒಹಾಯೊದ ನಮ್ಮ ಕೋರ್ಟಿನೊಳಗೆ ಕ್ಯಾಮೆರಾ ಬಿಡುವುದಿಲ್ಲ. ಪತ್ರಿಕೆಗೆ ಚಿತ್ರ ಬರೆದುಕೊಡುವವಳು ನಾನು. ಕೊಲೆ ಆರೋಪಿ ಓರ್ವಿಲ್‌ನ ಜೇನುಬಣ್ಣದ ಕಣ್ಣುಗಳನ್ನು, ಸಂಪಾದಕರು ಕೇಳಿದರೆಂದು, ಕಪ್ಪಗೆ, ಕ್ರೂರವಾಗಿ ಬರೆದೆ.

"ಹಿಂಗಿದ್ಯೇನಕ್ಕಾ ನನ್ ಕಣ್ಣು?" ಮರುದಿನ ಕೋರ್ಟಿನಲ್ಲಿ, ಪತ್ರಿಕೆ ನೋಡಿದ್ದ ಅವನು ಕೇಳಿದ. ನಾನು ಬಣ್ಣದ ಕಡ್ಡಿಗಳ ಪೆಟ್ಟಿಗೆ ಮುಚ್ಚಿದೆ.

ಶಿಕ್ಷೆಯಾಗಿ ಅವನು ಜೈಲಿನಲ್ಲಿ ಸತ್ತ ಮೇಲೆ ನಿಜವಾದ ಕೊಲೆಗಾರ ಸಿಕ್ಕಿಬಿದ್ದ. ಆ ಕೊಲೆಗಾರನ ವಿಚಾರಣೆಯಲ್ಲಿ ಜೂರಿಯ ಹನ್ನೆರಡು ಮುಖಗಳನ್ನು, ಗುರುತು ಸಿಗಬಾರದೆಂಬ ನಿಯಮದಂತೆ, ಖಾಲಿ ಬಿಟ್ಟೆ. ಕೈಯಡಿಯ ಕಾಗದ ಮಾತ್ರ ತಣ್ಣಗಾಗುತ್ತಲೇ ಹೋಯಿತು.

ಹೊರಗೆ ಚಿತ್ರ ನೋಡಿದ ವರದಿಗಾರ ಡ್ವೇನ್ ಗದರಿದ: "ತಲೆ ಕೆಟ್ಟಿದ್ಯೇನಮ್ಮಾ? ಜೂರಿಗೆ ಕಣ್ಣು ಬರೀತಾರಾ? ಅದೂ ಎಲ್ರಿಗೂ ಒಂದೇ ಥರ!"

ನೋಡಿದೆ: ಖಾಲಿ ಬಿಟ್ಟಿದ್ದ ಮುಖಗಳಲ್ಲಿ ಹನ್ನೆರಡು ಜೊತೆ ಕಣ್ಣು, ಜೇನುಬಣ್ಣ. ಆ ಬಣ್ಣದ ಕಡ್ಡಿ ನನ್ನ ಪೆಟ್ಟಿಗೆಯಲ್ಲಿ ಎಂದೂ ಇರಲಿಲ್ಲ. ಓರ್ವಿಲ್‌ನ ಕಣ್ಣು ಬರೆಯಲು ಬೇಕಾಗಿದ್ದಾಗಲೂ ನಾನು ಕೊಳ್ಳಲಿಲ್ಲ.